ಗಿಲ್ಬರ್ಟ್ ವೈಟರ ದಿನಚರಿ

ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟರು (1720–1793) 1768ರಿಂದ ಬಾಳಿನ ಕೊನೆಯವರೆಗೂ ಪ್ರಕೃತಿಯ ದಿನಚರಿಯನ್ನು ಬರೆದರು. ಮಳೆ, ಗಾಳಿ, ವಸಂತದಲ್ಲಿ ಮೊದಲು ಕಂಡ ಹಕ್ಕಿ, ಎಲ್ಲಕ್ಕೂ ಅದರಲ್ಲಿ ಸ್ಥಾನವುಂಟು. ನೋಟಕ್ಕೆ ಒಂದೇ ತೆರನಾದ ಮೂರು ಪುಟ್ಟ ಹಕ್ಕಿಗಳು ಮೂರು ಬೇರೆ ಜಾತಿಗಳೆಂಬುದನ್ನು ಹಾಡಿನ ಭೇದದಿಂದ ಗುರುತಿಸಿದ ಸೂಕ್ಷ್ಮಗ್ರಾಹಿ ಅವರು.

ನಾವು ಅವರಲ್ಲಿ ಹೆಚ್ಚಾಗಿ ಮೆಚ್ಚುವುದು ಬೇರೊಂದನ್ನು. ಕವಲುಬಾಲದ ಸ್ವಾಲೋ ಮತ್ತು ಅದರ ಬಳಗದ ಹಕ್ಕಿಗಳಲ್ಲಿ ಕೆಲವಾದರೂ ಚಳಿಗಾಲದಲ್ಲಿ ದೇಶಾಂತರ ಹೋಗದೆ ಅಲ್ಲಿಯೇ ಅಡಗಿ ನಿದ್ರಿಸುವುವೆಂದು ನಂಬಲು ಅವರ ಮನಸ್ಸು ಹಾತೊರೆಯುತ್ತಿತ್ತು. 1781ರ ವಸಂತದಲ್ಲಿ ಆಳುಗಳನ್ನಿಟ್ಟು ಗುಡ್ಡದ ಪೊದೆ, ಪೊಟರೆಗಳನ್ನೆಲ್ಲ ಶೋಧಿಸಿದರು. ಒಂದು ಹಕ್ಕಿಯೂ ಸಿಕ್ಕಲಿಲ್ಲ, ಸಿಕ್ಕಲಿಲ್ಲವೆಂದೇ ಬರೆದರು. ಊಹೆಯನ್ನು ಪೂರ್ತಿ ಬಿಡಲಿಲ್ಲ, ಪಾಪ! ಆದರೆ ಅದನ್ನು ಕಂಡುದರ ಸಾಲಿಗೆ ಸೇರಿಸಲೂ ಇಲ್ಲ.

1912ರಲ್ಲಿ, ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿದ್ದ ಸ್ವಾಲೋ ಹಕ್ಕಿಯೊಂದು ದಕ್ಷಿಣ ಆಫ್ರಿಕದಲ್ಲಿ ಸಿಕ್ಕಿತು.