ಜೂಜಿನ ಗಲ್ಲಿಯಿಂದ ಕಅಬಾದೆಡೆಗೆ



ಕೈಯಲ್ಲಿ ದುಡಿಮೆಯಿದ್ದೂ ದಾರಿ ತಪ್ಪುವ ತರುಣರನ್ನು ನೀವು ಕಂಡಿರಬಹುದು. ಮಾಲ್ಕಮ್ ಎಕ್ಸ್‌ರ ಯೌವನವೂ ಅಂತಹದೇ ಆಗಿತ್ತು.

1925ರಲ್ಲಿ ಅಮೆರಿಕದ ಒಮಾಹಾದಲ್ಲಿ ಜನಿಸಿದ ಅವರು ಆರನೇ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೋಸ್ಟನ್‌ನಲ್ಲಿ ಬೂಟ್ ಪಾಲಿಶ್ ಮಾಡಿದರು, ರೈಲಿನಲ್ಲಿ ತಿಂಡಿ ಮಾರಿದರು. ಬಳಿಕ ನ್ಯೂಯಾರ್ಕಿನ ಹಾರ್ಲೆಮ್‌ನ ಮದ್ಯದಂಗಡಿಯೊಂದರಲ್ಲಿ ಮಾಣಿಯಾದರು. ಜೂಜುಕೋರರ ಸಹವಾಸ ಅಲ್ಲಿ ಬೆಳೆಯಿತು.

ನಮ್ಮಲ್ಲಿನ ಮಟ್ಕಾದಂತೆ ಅಲ್ಲಿಯೂ ಸಂಖ್ಯೆಯಾಟವಿತ್ತು. ಮೂರಂಕಿಯ ಸಂಖ್ಯೆಗೆ ಹಣ ಕಟ್ಟಬೇಕು. ಗೆಲ್ಲುವ ಸಾಧ್ಯತೆ 1000ದಲ್ಲಿ 1. ಗೆದ್ದವನಿಗೆ ಸಿಗುತ್ತಿದ್ದುದು ಸುಮಾರು 600 ಪಟ್ಟು ಮಾತ್ರ. ಉಳಿದುದು ದಂಧೆಯವರ ಪಾಲು. ಬಡವರ ದಿನಗೂಲಿ ಹೀಗೆ ಕರಗುತ್ತಿತ್ತು. ಮಾಲ್ಕಮ್ ಮೊದಲು ಹಣ ಕಟ್ಟಿದರು, ಬಳಿಕ ಇತರರಿಂದ ಹಣ ಕಟ್ಟಿಸಿಕೊಳ್ಳುವ ಕೆಲಸಕ್ಕೂ ಇಳಿದರು. ಜೊತೆಗೆ ಮಾದಕ ವಸ್ತು, ಕೊನೆಗೆ ಮನೆಗಳ್ಳತನ. 1946ರಲ್ಲಿ, 21 ತುಂಬುವ ಮುನ್ನವೇ, ಸೆರೆಮನೆ ಸೇರಿದರು.

ಅಲ್ಲಿ ನಿಘಂಟನ್ನೇ ನಕಲು ಮಾಡುತ್ತಾ ಓದು ಬೆಳೆಸಿಕೊಂಡರು. ನೇಷನ್ ಆಫ್ ಇಸ್ಲಾಮ್ ಸಂಘಟನೆಯತ್ತ ಒಲಿದು ದುಶ್ಚಟಗಳನ್ನು ತೊರೆದರು. ಆದರೆ ಬಿಳಿಯರೆಲ್ಲ ಸೈತಾನರೆಂಬ ಅದರ ವಾದ ಇಸ್ಲಾಮಿನದ್ದಲ್ಲ. 1964ರಲ್ಲಿ ಅದನ್ನು ಬಿಟ್ಟು ಹಜ್ಜ್‌ಗೆ ತೆರಳಿದ ಅವರು, ಎಲ್ಲ ಬಣ್ಣದವರೂ ಸಹೋದರರಂತೆ ಬೆರೆತುದನ್ನು ಕಂಡು ತಮ್ಮ ನಿಲುವನ್ನು ತಿದ್ದಿಕೊಂಡರು. ಮರುವರ್ಷ ಫೆಬ್ರವರಿ 21ರಂದು ಹಂತಕರ ಗುಂಡಿಗೆ ಬಲಿಯಾದರು. ಆಗ ಅವರಿಗೆ 39 ವರ್ಷ.

ಕುರ್‌ಆನ್ ಮದ್ಯವನ್ನೂ ಜೂಜನ್ನೂ ಜೊತೆಯಾಗಿಯೇ ನಿಷೇಧಿಸಿದೆ. ತೌಬಾದ ಬಾಗಿಲು ತೆರೆದಿದೆ ನಿಜ. ಕಳೆದ ಯೌವನ ಮಾತ್ರ ಮರಳದು. ಮಗ ಸಂಬಳ ತಂದಾಗ ಎಷ್ಟೆಂದು ಕೇಳುತ್ತೀರಿ. ಅವನ ಸಂಜೆಗಳು ಯಾರೊಂದಿಗೆ ಕಳೆಯುತ್ತವೆಂದೂ ಕೇಳುತ್ತೀರಾ?