ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್

ನಮ್ಮ ಬೆಟಗೇರಿಯಲ್ಲಿಯೂ ಠಾಣ್ಯ ಹೂಡಿದ್ದ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಜರ್ಮನಿಯ ಕಿಟ್ಟೆಲರು 1853ರಲ್ಲಿ ಧಾರವಾಡ ಸೀಮೆಗೆ ಬಂದರು. ಆಗ ಅವರಿಗೆ 21 ವರುಷ. ಸುವಾರ್ತೆ ಸಾರುವುದಕ್ಕೆ ಜನರ ನುಡಿ ಬೇಕೆಂದು ಕನ್ನಡ ಕಲಿತರು; ಕಲಿತಂತೆ ಅದಕ್ಕೇ ಒಲಿದರು. 1864ರಲ್ಲಿ ಪತ್ನಿ ಪೌಲೀನಾ ತೀರಿಕೊಂಡರು. 1877ರಲ್ಲಿ ಸ್ವದೇಶಕ್ಕೆ ಮರಳಿದಾಗ ಹಿಡಿದ ನಿಘಂಟು ಮುಗಿದಿರಲಿಲ್ಲ. ಕಣ್ಣಿನ ಬೆಳಕೂ ಕುಂದುತ್ತಿತ್ತು. ಮುಗಿಯುವುದೋ ಇಲ್ಲವೋ ಹೇಳುವವರಾರು? ಆದರೂ ದೇವರ ಮೇಲೆ ಭಾರ ಹಾಕಿ, 50 ದಾಟಿದ ವಯಸ್ಸಿನಲ್ಲಿ ಮತ್ತೆ ಹಡಗು ಹತ್ತಿದರು. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ದೈವಾಧೀನರಾದರು. ಫಲವನ್ನು ದೇವರಿಗೆ ಬಿಟ್ಟವರು ಕೆಲಸವನ್ನು ಮಾತ್ರ ಬಿಡಲಿಲ್ಲ. ವಿದ್ಯಾರ್ಥಿಗಳಾದ ನಾವು ಅವರಿಂದ ಕಲಿಯಬೇಕಾದ ಮೊದಲ ಪಾಠವಿದು.