ಕಣ್ಣಿನ ಡಾಕ್ಟರ್ ಐಡಾ ಮಾನ್

ಈ ಸಲದ ಗೋಡೆ ಪತ್ರಿಕೆಗೆ ನಾನು ಐಡಾ ಮಾನ್ ಎಂಬ ಕಣ್ಣಿನ ಡಾಕ್ಟರ ಬಗ್ಗೆ ಬರೆದಿದ್ದೇನೆ. ಇವರು 1893ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ತಂದೆ ಅಂಚೆ ಇಲಾಖೆಯ ನೌಕರರು. ಮಗಳೂ ಪರೀಕ್ಷೆ ಪಾಸು ಮಾಡಿ ಅಂಚೆ ಉಳಿತಾಯ ಬ್ಯಾಂಕಿನಲ್ಲಿ ಗುಮಾಸ್ತೆಯಾದರು. ನಮ್ಮೂರಲ್ಲಾದ್ರೆ ಸರಕಾರಿ ನೌಕರಿ ಸಿಕ್ಕಿತಲ್ಲ, ಇನ್ನೇನು ಬೇಕು ಅಂತಿದ್ರು. ಆದರೆ ಒಂದು ದಿನ ಅವರು ದೊಡ್ಡ ಆಸ್ಪತ್ರೆಯೊಂದನ್ನು ನೋಡಲು ಹೋದರು. ಆಮೇಲೆ ಲೆಕ್ಕದ ಪುಸ್ತಕದಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ. ಡಾಕ್ಟರೇ ಆಗಬೇಕು ಅಂತ ಹಟ ಹಿಡಿದು 1914ರಲ್ಲಿ ಮಹಿಳೆಯರ ವೈದ್ಯ ಶಾಲೆಗೆ ಸೇರಿದರು. 1920ರಲ್ಲಿ ಡಾಕ್ಟರಾದರು.

ಹುಟ್ಟುವ ಮುಂಚೆ ಮಗುವಿನ ಕಣ್ಣು ಹೇಗೆ ಬೆಳೆಯುತ್ತದೆ ಎಂದು ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ 1928ರಲ್ಲಿ ಒಂದು ಪುಸ್ತಕ ಬರೆದರು. ಕಣ್ಣಿನ ಒಳಪರದೆ ಮೆದುಳಿನಿಂದಲೇ ಹೊರಟು ಬೆಳೆಯುತ್ತದಂತೆ. ಮಸೂರ ಮಾತ್ರ ಮೇಲಿನ ಚರ್ಮದ ಪದರದಿಂದ ಆಗುತ್ತದೆ. ಇದನ್ನು ತಿಳಿದಾಗ ನನಗೆ ಬಹಳ ಆಶ್ಚರ್ಯ ಆಯ್ತು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಬರೀ ಆಪರೇಷನ್ ಮಾಡಿದರೆ ಸಾಲದು, ರೋಗ ಯಾಕೆ ಬರುತ್ತದೆ ಅಂತ ಹುಡುಕಬೇಕು ಎನ್ನುವುದು ಅವರ ವಾದ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಕಣ್ಣಿನ ಪ್ರಯೋಗಾಲಯ ಆಗುವುದಕ್ಕೆ ಅವರೇ ಕಾರಣ. ವಿಷಾನಿಲದಿಂದ ಕಣ್ಣಿಗೆ ಆಗುವ ಗಾಯದ ಬಗ್ಗೆ ಸಂಶೋಧನೆ ಮಾಡಿದರು. 1945ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಎಂಬ ಪದವಿ ಪಡೆದ ಮೊದಲ ಮಹಿಳೆ ಅವರೇ. ಅಷ್ಟು ಹಳೆಯ ವಿಶ್ವವಿದ್ಯಾಲಯಕ್ಕೆ ಅಲ್ಲಿವರೆಗೆ ಒಬ್ಬ ಹೆಂಗಸೂ ಸಿಕ್ಕಿರಲಿಲ್ಲವೇ!

ಗಂಡ ವಿಲಿಯಂ ಗೈ ಅವರೂ ವಿಜ್ಞಾನಿ. ಅವರ ಆರೋಗ್ಯ ಕೆಟ್ಟದ್ದರಿಂದ 1949ರಲ್ಲಿ ಇಬ್ಬರೂ ಆಸ್ಟ್ರೇಲಿಯಾದ ಪರ್ತ್ ಊರಿಗೆ ಹೋದರು. 1952ರಲ್ಲಿ ಗಂಡ ತೀರಿಕೊಂಡರು. ಆಗ ಐಡಾ ಅವರಿಗೆ ಹೆಚ್ಚು ಕಡಿಮೆ ಅರವತ್ತು ವರ್ಷ. ಮನೆಯಲ್ಲಿ ಕೂರಲಿಲ್ಲ. ದೂರದ ಒಣ ಪ್ರದೇಶಗಳಿಗೆ ಹೋಗಿ ಅಲ್ಲಿನ ಮೂಲನಿವಾಸಿಗಳ ಕಣ್ಣು ಪರೀಕ್ಷೆ ಮಾಡಿದರು. ಒಬ್ಬೊಬ್ಬರ ರೆಪ್ಪೆಯನ್ನೂ ಮಗುಚಿ ನೋಡಬೇಕು. ಬಹಳ ಮಂದಿಗೆ ಟ್ರಕೋಮಾ ಇತ್ತು. ಇದು ಕೊಳೆ ಕೈ, ಮುಖ ಒರೆಸುವ ಬಟ್ಟೆ, ನೊಣ ಇವುಗಳಿಂದ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಮತ್ತೆ ಮತ್ತೆ ಬಂದರೆ ರೆಪ್ಪೆಯ ಒಳಗೆ ಗಾಯ ಕಟ್ಟಿ ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತದೆ. ಕೂದಲು ಕಣ್ಣುಗುಡ್ಡೆಗೆ ಉಜ್ಜಿ ಉಜ್ಜಿ ಕೊನೆಗೆ ಕಣ್ಣೇ ಹೋಗುತ್ತದೆ. ಮುಖ ತೊಳೆಯಲು ನೀರೇ ಇಲ್ಲದ ಕಡೆ ಜನರನ್ನು ಬೈದು ಏನು ಪ್ರಯೋಜನ, ಅಲ್ವಾ? ನಮ್ಮ ದೇಶದಲ್ಲೂ ಈ ರೋಗ ತುಂಬಾ ಇತ್ತು. ಈಗ ಅದು ದೊಡ್ಡ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಘೋಷಿಸಿತು.

1980ರಲ್ಲಿ ಅವರಿಗೆ ಡೇಮ್ ಬಿರುದು ಸಿಕ್ಕಿತು. 1983ರಲ್ಲಿ ಪರ್ತ್‌ನಲ್ಲಿ ತೀರಿಕೊಂಡರು. ಅವರು ಬರೆದಿಟ್ಟಿದ್ದ ಆತ್ಮಕಥೆ ಮೂರು ವರ್ಷದ ಮೇಲೆ ಅಚ್ಚಾಯಿತು.